ಬೆಳವಣಿಗೆಯ ಹಾರ್ಮೋನು ಮುಪ್ಪಿನ ಮೂಳೆಯನ್ನು ಗಟ್ಟಿ ಮಾಡೀತೆ?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಕಳೆದ ವರ್ಷ ನೀರು ತುಂಬಿದ ಬಕೆಟ್ ಎತ್ತುವಾಗ ಬೆನ್ನಿನಲ್ಲಿ ಛಳುಕು ಹೊಡೆಯಿತು. ಎಕ್ಸ್‌ರೇ ತೆಗೆಸಿದಾಗ ಬೆನ್ನೆಲುಬಿನ ಒಂದು ಮಣಿ ಕುಸಿದಿರುವುದು ಗೊತ್ತಾಯಿತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಕೆಳಬೆನ್ನಿನ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಯೊಡನೆ ಹೋಲಿಸಿ ಕೊಡುವ ಅಂಕ) ಮೈನಸ್ 3.1. ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೊನೇಟ್ ಎಂಬ ಮಾತ್ರೆಯನ್ನು ವಾರಕ್ಕೊಂದರಂತೆ ಬರೆದುಕೊಟ್ಟಿದ್ದರು. ಎದೆಯುರಿ ತಾಳಲಾರದೆ ಅಮ್ಮ ಮೂರು ತಿಂಗಳಿಗೇ ನಿಲ್ಲಿಸಿದರು. ಎಂಟು ತಿಂಗಳಿಂದ ಕ್ಯಾಲ್ಸಿಯಂ ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ. ಈಚೆಗೆ ‘ಮುಪ್ಪು ತಡೆಯುವ’ ಚಿಕಿತ್ಸಾಲಯವೊಂದರಲ್ಲಿ ರಕ್ತ ಪರೀಕ್ಷಿಸಿ, ಬೆಳವಣಿಗೆಯ ಹಾರ್ಮೋನಿಗೆ ಸಂಬಂಧಿಸಿದ ಐಜಿಎಫ್-1 ಕಡಿಮೆ ಇದೆ, ದಿನವೂ ಬೆಳವಣಿಗೆಯ ಹಾರ್ಮೋನಿನ ಇಂಜೆಕ್ಷನ್ ತೆಗೆದುಕೊಂಡರೆ ವರ್ಷದೊಳಗೆ ಮೂಳೆ ಹೊಸದಾಗುತ್ತದೆ ಎಂದರು. ಅಮ್ಮನಿಗೆ ಸಕ್ಕರೆ ಕಾಯಿಲೆ ಇಲ್ಲ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಮಾತ್ರ 6.2 ಇದೆ. ಈ ಇಂಜೆಕ್ಷನ್ ಕೊಡಿಸಬಹುದೇ?

ಉತ್ತರ: ನೀವು ವಿವರಿಸಿದ ಸ್ಥಿತಿಯಲ್ಲಿ ಕೊಡಿಸಬೇಡಿ. ಕಾರಣಗಳನ್ನು ಮುಂದೆ ಹೇಳುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇಂಜೆಕ್ಷನ್ ಅಲ್ಲ, ‘ಎಂಟು ತಿಂಗಳಿಂದ ಬೇರೇನೂ ಇಲ್ಲ’ ಎಂಬ ಮಾತು. ಮುಟ್ಟು ನಿಂತ ಮಹಿಳೆಯರಲ್ಲಿ ಬೆನ್ನೆಲುಬಿನ ಒಂದು ಮಣಿ ಕುಸಿದರೆ, ಮುಂದಿನ ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ ಐವರಲ್ಲಿ ಒಬ್ಬರಿಗೆ ಮತ್ತೊಂದು ಮಣಿ ಕುಸಿಯುತ್ತದೆ. ನಿಮ್ಮ ತಾಯಿಯವರು ಆ ಅಪಾಯದಿಂದ ಇನ್ನೂ ಹೊರಬಂದಿಲ್ಲ. ಬೆಳವಣಿಗೆಯ ಹಾರ್ಮೋನು ಬೇಕೋ ಬೇಡವೋ ಎಂದು ಯೋಚಿಸುತ್ತ ಇನ್ನೂ ಆರು ತಿಂಗಳು ಕಳೆದರೆ, ಆ ಆರು ತಿಂಗಳೇ ದೊಡ್ಡ ನಷ್ಟ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ‘ಮೂಳೆ ಸವೆತ’ ಎಂದು ಎರಡು ಬೇರೆ ಬೇರೆ ಕಾಯಿಲೆಗಳನ್ನು ಕರೆಯುತ್ತೇವೆ. ಮಂಡಿಯ ಕೀಲಿನ ಮೆದುಮೂಳೆ ಸವೆದು ನೋವು ಬರುವುದು ಒಂದು. ಮೂಳೆಯ ಒಳಗಿನ ಹಂದರವೇ ತೆಳುವಾಗಿ, ಸುಲಭವಾಗಿ ಮುರಿಯುವಂತಾಗುವುದು ಇನ್ನೊಂದು, ಅದೇ ಆಸ್ಟಿಯೊಪೊರೋಸಿಸ್. ಮೊದಲನೆಯದು ದಿನವೂ ನೋಯಿಸುತ್ತದೆ, ಎರಡನೆಯದು ಮುರಿಯುವವರೆಗೂ ಸದ್ದು ಮಾಡುವುದಿಲ್ಲ. ಮಂಡಿನೋವಿಗೆಂದು ಮಾರುವ ಪುಡಿ, ಮಾತ್ರೆ, ಎಣ್ಣೆಗಳನ್ನು ಆಸ್ಟಿಯೊಪೊರೋಸಿಸ್‌ಗೂ ಆದೀತು ಎಂದು ತೆಗೆದುಕೊಳ್ಳುವವರನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ನಿಮ್ಮ ತಾಯಿಯವರದು ಎರಡನೆಯ ಬಗೆ, ಅದರಲ್ಲೂ ತೀವ್ರವಾದದ್ದು. ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂಬುದು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗೆರೆ; ಅದರ ಜೊತೆಗೆ ಮುರಿತವೂ ಆಗಿದ್ದರೆ ‘ತೀವ್ರ’ ಎನ್ನುತ್ತಾರೆ.

ಆ ಚಿಕಿತ್ಸಾಲಯದವರು ಹೇಳಿದ್ದು ಬುಡವಿಲ್ಲದ ಮಾತೇನಲ್ಲ. ಬುಡ ಇದೆ, ಅದರ ಮೇಲೆ ಕಟ್ಟಿದ ಮಹಡಿ ಮಾತ್ರ ತೀರಾ ಎತ್ತರದ್ದು.

ಬೆಳವಣಿಗೆಯ ಹಾರ್ಮೋನು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಪ್ರೋಟೀನು, 191 ಅಮೈನೊ ಆಮ್ಲಗಳ ಸರಪಳಿ. ಗಾಢ ನಿದ್ದೆಯಲ್ಲಿ ಅಲೆ ಅಲೆಯಾಗಿ ಹೊರಬರುತ್ತದೆ. ಅದರ ಬಹುಪಾಲು ಕೆಲಸವನ್ನು ಮಾಡಿಸುವುದು ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನು. ರಕ್ತದಲ್ಲಿರುವ ಐಜಿಎಫ್-1 ಹೆಚ್ಚಾಗಿ ತಯಾರಾಗುವುದು ಯಕೃತ್ತಿನಲ್ಲಿ. ಹದಿಹರೆಯದಲ್ಲಿ ಎಲುಬು ಉದ್ದವಾಗುವುದು, ಇಪ್ಪತ್ತರ ಆಸುಪಾಸಿನಲ್ಲಿ ಮೂಳೆ ತನ್ನ ಗರಿಷ್ಠ ಸಾಂದ್ರತೆ ಮುಟ್ಟುವುದು, ಎರಡಕ್ಕೂ ಈ ಜೋಡಿ ಬೇಕು. ಮೂವತ್ತು ದಾಟಿದ ಮೇಲೆ ಇದರ ಸ್ರವಿಕೆ ದಶಕದಿಂದ ದಶಕಕ್ಕೆ ಇಳಿಯುತ್ತ ಹೋಗುತ್ತದೆ. ಮೂಳೆಯೂ ಇಳಿಯುತ್ತದೆ, ಹಾರ್ಮೋನೂ ಇಳಿಯುತ್ತದೆ. ಒಂದನ್ನು ತುಂಬಿಕೊಟ್ಟರೆ ಇನ್ನೊಂದು ತಾನಾಗಿ ಮೇಲೇರೀತು ಎಂಬ ಆಸೆ ಹುಟ್ಟಿದ್ದು ಇಲ್ಲಿಂದ.

ಆದರೆ ಮಹಿಳೆಯರಲ್ಲಿ ಮೂಳೆ ಕರಗಲು ಮುಖ್ಯ ಕಾರಣ ಬೇರೆಯೇ ಇದೆ. ಮುಟ್ಟು ನಿಂತಾಗ ಈಸ್ಟ್ರೊಜೆನ್ ಕುಸಿಯುತ್ತದೆ, ಮೂಳೆಯನ್ನು ಕೊರೆಯುವ ಕೋಶಗಳಿಗೆ ಹಾಕಿದ್ದ ಕಡಿವಾಣ ಕಳಚುತ್ತದೆ. ಮೂಳೆ ಎಂದರೆ ಒಮ್ಮೆ ಕಟ್ಟಿ ಬಿಟ್ಟ ಗೋಡೆಯಲ್ಲ. ಅಲ್ಲಿ ಒಂದು ತಂಡ ಹಳೆಯದನ್ನು ಕೊರೆದು ತೆಗೆಯುತ್ತಿರುತ್ತದೆ, ಹಿಂದೆಯೇ ಇನ್ನೊಂದು ತಂಡ ಆ ಗುಳಿಯನ್ನು ತುಂಬುತ್ತ ಬರುತ್ತದೆ. ಕೊರೆಯುವುದು ಕೆಲವೇ ವಾರಗಳ ಕೆಲಸ, ತುಂಬುವುದು ತಿಂಗಳುಗಳ ಕೆಲಸ. ಕೊರೆತ ಜಾಸ್ತಿಯಾಗಿ ತುಂಬುವಿಕೆ ಹಿಂದೆ ಬಿದ್ದಾಗ ಹಂದರ ತೆಳುವಾಗುತ್ತದೆ.

ಬೆಳವಣಿಗೆಯ ಹಾರ್ಮೋನು ಇಲ್ಲಿ ಏನು ಮಾಡುತ್ತದೆ? ತುಂಬುವ ತಂಡವನ್ನು ಹುರಿದುಂಬಿಸುತ್ತದೆ, ನಿಜ. ಕೊರೆಯುವ ತಂಡವನ್ನೂ ಹುರಿದುಂಬಿಸುತ್ತದೆ! ಕೊರೆತ ಬೇಗ, ತುಂಬುವಿಕೆ ನಿಧಾನ. ಹಾಗಾಗಿ ಚಿಕಿತ್ಸೆಯ ಮೊದಲ ಆರರಿಂದ ಹನ್ನೆರಡು ತಿಂಗಳಲ್ಲಿ ಮೂಳೆಯ ಸಾಂದ್ರತೆ ಏರುವ ಬದಲು ಇದ್ದಲ್ಲೇ ಇರುವುದು, ಕೆಲವೊಮ್ಮೆ ಇಳಿಯುವುದು ಕಾಣುತ್ತದೆ. ಪಿಟ್ಯುಟರಿ ಕೆಟ್ಟು ನಿಜವಾಗಿಯೂ ಈ ಹಾರ್ಮೋನಿನ ಕೊರತೆ ಇರುವ ವಯಸ್ಕರಲ್ಲಿ ಕೂಡ ಹೀಗೆಯೇ. ಒಂದೂವರೆ ವರ್ಷ ದಾಟಿದ ಮೇಲಷ್ಟೇ ಸಾಂದ್ರತೆ ಮೇಲಕ್ಕೆ ಹೋಗತೊಡಗುತ್ತದೆ. ‘ವರ್ಷದೊಳಗೆ ಮೂಳೆ ಹೊಸದಾಗುತ್ತದೆ’ ಎಂದವರು ಈ ಸಂಗತಿಯನ್ನು ಓದಿಲ್ಲ, ಅಥವಾ ಓದಿಯೂ ಹೇಳಿಲ್ಲ.

ಇಂಥ ಮಾತುಗಳ ಮೂಲ ಹುಡುಕುತ್ತ ಹೋದರೆ ನೀವು 1990ರ ಜುಲೈಗೆ ತಲುಪುತ್ತೀರಿ. ಡೇನಿಯಲ್ ರಡ್‌ಮನ್ ಮತ್ತು ಸಂಗಡಿಗರು ಆ ತಿಂಗಳು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. 61ರಿಂದ 81 ವರ್ಷದ 21 ಮಂದಿ. ಅವರಲ್ಲಿ 12 ಮಂದಿಗೆ ಆರು ತಿಂಗಳು ಬೆಳವಣಿಗೆಯ ಹಾರ್ಮೋನು. ಕೊಬ್ಬಿಲ್ಲದ ದೇಹತೂಕ ಶೇ 8.8 ಹೆಚ್ಚಿತು, ಕೊಬ್ಬು ಶೇ 14.4 ಇಳಿಯಿತು, ಕೆಳಬೆನ್ನಿನ ಮಣಿಗಳ ಸಾಂದ್ರತೆ ಶೇ 1.6 ಏರಿತು. ಕೇಳಲು ಚೆನ್ನಾಗಿದೆ. ಆದರೆ ಆ 21 ಮಂದಿಯಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಮುರಿತ ಕಡಿಮೆಯಾಯಿತೇ ಎಂದು ನೋಡಲು ಆರು ತಿಂಗಳು ಏನಕ್ಕೂ ಸಾಲದು. ಜಾಹೀರಾತುದಾರರಿಗೆ ಮಾತ್ರ ಅಷ್ಟೇ ಸಾಕಾಯಿತು. ಈ ಲೇಖನವನ್ನು ಮಾರಾಟಕ್ಕೆ ಬಳಸಿಕೊಳ್ಳುವುದು ಎಷ್ಟು ಮಿತಿಮೀರಿತೆಂದರೆ, 2003ರಲ್ಲಿ ಅದೇ ಪತ್ರಿಕೆ ಎಚ್ಚರಿಕೆಯ ಸಂಪಾದಕೀಯ ಬರೆಯಬೇಕಾಯಿತು. ಪತ್ರಿಕೆಯೊಂದು ತನ್ನದೇ ಹಳೆಯ ಲೇಖನದ ಬಗ್ಗೆ ಹೀಗೆ ಬರೆಯುವುದು ಅಪರೂಪ.

ಮಹಿಳೆಯರ ಮೇಲೇ ನಡೆದ, ಗಂಭೀರವಾಗಿ ಓದಬೇಕಾದ ಅಧ್ಯಯನ ಸ್ವೀಡನ್ನಿನ ಗೋಥೆನ್‌ಬರ್ಗ್‌ನದು. ನಿಮ್ಮ ಪ್ರಶ್ನೆಗೆ ಅತಿ ಹತ್ತಿರದ ಉತ್ತರ ಇರುವುದು ಅಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮುಟ್ಟು ನಿಂತ, ಆಸ್ಟಿಯೊಪೊರೋಸಿಸ್ ಇದ್ದ, 50ರಿಂದ 70 ವರ್ಷದ 80 ಮಹಿಳೆಯರು. ಎಲ್ಲರೂ ಆಗಲೇ ಈಸ್ಟ್ರೊಜೆನ್ ತೆಗೆದುಕೊಳ್ಳುತ್ತಿದ್ದರು. ಎಲ್ಲರಿಗೂ ದಿನಕ್ಕೆ 750 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 400 ಯೂನಿಟ್ ವಿಟಮಿನ್ ಡಿ ಕೊಟ್ಟರು. ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 1 ಯೂನಿಟ್ ಹಾರ್ಮೋನು, ಒಂದಕ್ಕೆ 2.5 ಯೂನಿಟ್, ಮತ್ತೊಂದಕ್ಕೆ ಔಷಧವಿಲ್ಲದ ಹುಸಿ ಇಂಜೆಕ್ಷನ್. ಹದಿನೆಂಟು ತಿಂಗಳು ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಆಮೇಲೆ ಹುಸಿ ಇಂಜೆಕ್ಷನ್ ನಿಲ್ಲಿಸಿ, ಹಾರ್ಮೋನನ್ನು ಒಟ್ಟು ಮೂರು ವರ್ಷ ಮುಂದುವರಿಸಿದರು.

ಫಲಿತಾಂಶ 2003ರಲ್ಲಿ ಬಂತು. ಹೆಚ್ಚು ಪ್ರಮಾಣ ಪಡೆದ ಗುಂಪಿನಲ್ಲಿ, ನಾಲ್ಕನೆಯ ವರ್ಷದ ಹೊತ್ತಿಗೆ, ಅಂದರೆ ಇಂಜೆಕ್ಷನ್ ನಿಲ್ಲಿಸಿದ ಒಂದು ವರ್ಷದ ನಂತರ, ಕೆಳಬೆನ್ನಿನ ಮಣಿಗಳಲ್ಲಿನ ಖನಿಜದ ಮೊತ್ತ ಶೇ 14 ಏರಿತ್ತು. ಔಷಧ ನಿಂತ ಮೇಲೂ ಮೂಳೆ ತುಂಬುತ್ತಲೇ ಇತ್ತು ಎಂಬುದು ನಿಜಕ್ಕೂ ಕುತೂಹಲದ ಸಂಗತಿ. ಮಧ್ಯದಲ್ಲಿ ಯಾರೂ ಬಿಟ್ಟುಹೋಗಲಿಲ್ಲ, ಅಡ್ಡಪರಿಣಾಮವೂ ಅಪರೂಪವಾಗಿತ್ತು. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಐದನೆಯ ವರ್ಷ ಅಳೆದಾಗ ಮೂರೂ ಗುಂಪುಗಳ ನಡುವೆ ವ್ಯತ್ಯಾಸ ಉಳಿದಿರಲಿಲ್ಲ.

ಹತ್ತು ವರ್ಷಗಳ ನಂತರದ ವರದಿಯೂ ಬಂದಿದೆ. ಅಧ್ಯಯನಕ್ಕೆ ಸೇರುವ ಮುನ್ನ ಈ ಮಹಿಳೆಯರಲ್ಲಿ ಶೇ 56ರಷ್ಟು ಮಂದಿಗೆ ಮುರಿತವಾಗಿತ್ತು, ಆಮೇಲಿನ ಅವಧಿಯಲ್ಲಿ ಅದು ಶೇ 28. ಹೋಲಿಕೆಗೆಂದು ತೆಗೆದುಕೊಂಡ ಸಾಮಾನ್ಯ ಮಹಿಳೆಯರಲ್ಲಿ ಮುರಿತ ಶೇ 8ರಿಂದ ಶೇ 32ಕ್ಕೆ ಏರಿತ್ತು. ಮುಪ್ಪು ತಡೆಯುವ ಅಂಗಡಿಗಳ ಕರಪತ್ರದಲ್ಲಿ ‘ಮುರಿತ ಅರ್ಧಕ್ಕೆ ಇಳಿಕೆ’ ಎಂದು ಬರುವುದು ಈ ಅಂಕಿಯೇ ಇರಬೇಕು. ಇಲ್ಲೊಂದು ಬಲೆ ಇದೆ. ಮುರಿತವಾದವರೇ ಹೆಚ್ಚಿರುವ ಗುಂಪನ್ನು ಆರಿಸಿ ತಂದು, ‘ಮೊದಲು ಇಷ್ಟು, ಆಮೇಲೆ ಇಷ್ಟು’ ಎಂದು ಲೆಕ್ಕ ಹಾಕಿದರೆ, ‘ಆಮೇಲೆ’ ಎಂಬುದು ಕಡಿಮೆಯಾಗಿ ಕಾಣುವ ಸಂಭವ ಮೊದಲೇ ಹೆಚ್ಚು. ಅವರ ಜೊತೆ ಈಸ್ಟ್ರೊಜೆನ್ ಇತ್ತು, ಕ್ಯಾಲ್ಸಿಯಂ ಇತ್ತು, ಪದೇ ಪದೇ ಕರೆದು ನೋಡುವ ವೈದ್ಯರಿದ್ದರು. ಹೋಲಿಸಿದ ಸಾಮಾನ್ಯ ಗುಂಪು ಚೀಟಿ ಎತ್ತಿ ಬಂದದ್ದಲ್ಲ. ಎಂಬತ್ತು ಮಂದಿಯನ್ನು ಮೂರು ಪಾಲು ಮಾಡಿದರೆ ಗುಂಪಿಗೆ ಮೂವತ್ತು ಮಂದಿಯೂ ಇರುವುದಿಲ್ಲ. ಮುರಿತದಂಥ ಆಗೊಮ್ಮೆ ಈಗೊಮ್ಮೆ ಆಗುವ ಘಟನೆಯ ಬಗ್ಗೆ ಇಷ್ಟು ಜನರಿಂದ ತೀರ್ಪು ಕೊಡಲಾಗದು. ಈ ಅಧ್ಯಯನ ಹೇಳುವುದು ‘ದೊಡ್ಡ ಪರೀಕ್ಷೆ ಮಾಡಿ ನೋಡಿ’ ಎಂದು. ‘ನಾಳೆಯಿಂದ ಚುಚ್ಚಿಸಿಕೊಳ್ಳಿ’ ಎಂದಲ್ಲ.

ಸಾಂದ್ರತೆ ಏರಿತಲ್ಲ, ಅಷ್ಟು ಸಾಲದೇ ಎಂದು ನೀವು ಕೇಳಬಹುದು. ಸಾಲದು. ಇದು ನಮ್ಮ ವೃತ್ತಿಯವರು ಪೆಟ್ಟು ತಿಂದು ಕಲಿತ ಪಾಠ. ಒಂದು ಕಾಲದಲ್ಲಿ ಸೋಡಿಯಂ ಫ್ಲೋರೈಡ್ ಕೊಟ್ಟರೆ ಮೂಳೆ ಗಟ್ಟಿಯಾಗುತ್ತದೆ ಎಂದು ಬಲವಾಗಿ ನಂಬಿದ್ದೆವು. ಮುಟ್ಟು ನಿಂತ 202 ಮಹಿಳೆಯರ ಮೇಲೆ ನಾಲ್ಕು ವರ್ಷ ನಡೆದ ಪರೀಕ್ಷೆಯ ಫಲಿತಾಂಶ 1990ರಲ್ಲಿ ಬಂದಾಗ, ಬೆನ್ನುಮೂಳೆಯ ಸಾಂದ್ರತೆ ಶೇ 35 ಏರಿತ್ತು. ಶೇ 35! ಇಂದಿನ ಯಾವ ಔಷಧವೂ ಅದರ ಹತ್ತಿರಕ್ಕೆ ಬರುವುದಿಲ್ಲ. ಆದರೆ ಬೆನ್ನಿನ ಮುರಿತ ಗಣನೀಯವಾಗಿ ಕಡಿಮೆಯಾಗಲಿಲ್ಲ, ಕೈಕಾಲು ಮುಂತಾದ ಕಡೆಯ ಮುರಿತ ಹೆಚ್ಚಾಯಿತು. ಸ್ಕ್ಯಾನಿನಲ್ಲಿ ಬೆಳ್ಳಗೆ ಕಂಡದ್ದೆಲ್ಲ ಗಟ್ಟಿ ಮೂಳೆಯಾಗಿರಲಿಲ್ಲ.

ಬೆಳವಣಿಗೆಯ ಹಾರ್ಮೋನಿನ ಮಟ್ಟಿಗೆ ಪ್ರಕೃತಿಯೇ ಒಂದು ಪ್ರಯೋಗ ಮಾಡಿಟ್ಟಿದೆ. ಪಿಟ್ಯುಟರಿಯಲ್ಲಿ ಗಡ್ಡೆ ಬೆಳೆದು ಈ ಹಾರ್ಮೋನು ವರ್ಷಗಟ್ಟಲೆ ಅತಿಯಾಗಿ ಸುರಿಯುವ ಕಾಯಿಲೆ ಆಕ್ರೊಮೆಗಲಿ. ಕೈಕಾಲು ದಪ್ಪಗಾಗುತ್ತವೆ, ದವಡೆ ಮುಂದೆ ಬರುತ್ತದೆ, ಉಂಗುರ ಬೆರಳಿಗೆ ಹಿಡಿಯದಾಗುತ್ತದೆ. ಹೆಚ್ಚು ಹಾರ್ಮೋನು ಎಂದರೆ ಗಟ್ಟಿ ಮೂಳೆ ಎನ್ನುವುದಾದರೆ ಇವರ ಬೆನ್ನೆಲುಬು ಉಕ್ಕಿನಂತಿರಬೇಕಿತ್ತು. ಡೆಕ್ಸಾದಲ್ಲಿ ಇವರ ಸಾಂದ್ರತೆ ಸಾಮಾನ್ಯವಾಗಿರಬಹುದು, ಅದಕ್ಕಿಂತ ಹೆಚ್ಚೂ ಇರಬಹುದು; ಆದರೂ ಬೆನ್ನೆಲುಬಿನ ಮಣಿಗಳು ಕುಸಿಯುವುದು ಇವರಲ್ಲಿ ಇತರರಿಗಿಂತ ಜಾಸ್ತಿ.

ಇನ್ನು ಅಡ್ಡಪರಿಣಾಮ. ವಯಸ್ಸಾದವರಿಗೆ ಈ ಹಾರ್ಮೋನು ಕೊಟ್ಟ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ ಕೊಬ್ಬು ಸುಮಾರು ಎರಡು ಕಿಲೊ ಇಳಿಯಿತು, ಕೊಬ್ಬಿಲ್ಲದ ತೂಕ ಸುಮಾರು ಎರಡು ಕಿಲೊ ಏರಿತು, ಮೂಳೆಯ ಸಾಂದ್ರತೆಯಲ್ಲಿ ಎದ್ದು ಕಾಣುವ ಬದಲಾವಣೆ ಆಗಲಿಲ್ಲ. ಬದಲಿಗೆ ಪಾದ ಊದಿಕೊಳ್ಳುವುದು, ಕೀಲುನೋವು, ಮಣಿಕಟ್ಟಿನ ನರ ಒತ್ತಿ ಬೆರಳು ಜೋಮು ಹಿಡಿಯುವ ಕಾರ್ಪಲ್ ಟನಲ್ ತೊಂದರೆ ಹೆಚ್ಚಿದವು. 65 ದಾಟಿದ ಮಹಿಳೆಯರೂ ಪುರುಷರೂ ಇದ್ದ 2002ರ ಅಮೆರಿಕದ ಒಂದು ಅಧ್ಯಯನದಲ್ಲಿ ಈಸ್ಟ್ರೊಜೆನ್ ಚಿಕಿತ್ಸೆಯ ಜೊತೆಗೆ ಈ ಹಾರ್ಮೋನನ್ನೂ ಪಡೆದ ಮಹಿಳೆಯರಲ್ಲಿ ಶೇ 39 ಮಂದಿಗೆ ಊತ ಬಂದಿತ್ತು. ಏರಿದ ‘ಕೊಬ್ಬಿಲ್ಲದ ತೂಕ’ದಲ್ಲಿ ಒಂದು ಪಾಲು ಸ್ನಾಯುವಲ್ಲ, ನೀರು ಎಂಬುದನ್ನು ಇದರಿಂದಲೇ ಊಹಿಸಬಹುದು.

ನಿಮ್ಮ ತಾಯಿಯವರ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಸಕ್ಕರೆ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದರ್ಥ. ಬೆಳವಣಿಗೆಯ ಹಾರ್ಮೋನು ಇನ್ಸುಲಿನ್ನಿಗೆ ಎದುರಾಗಿ ಕೆಲಸ ಮಾಡುತ್ತದೆ. ಹೊಸ್ತಿಲಲ್ಲಿ ನಿಂತವರನ್ನು ಒಳಗೆ ತಳ್ಳಲು ಅದಕ್ಕೆ ಹೆಚ್ಚು ಶ್ರಮ ಬೇಕಿಲ್ಲ. ಈಗಾಗಲೇ ಕ್ಯಾನ್ಸರ್ ಇದ್ದವರಿಗೆ, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲದಲ್ಲಿ (ರೆಟಿನಾ) ಹೊಸ ರಕ್ತನಾಳ ಬೆಳೆದವರಿಗೆ, ತೀವ್ರ ನಿಗಾ ಘಟಕದಲ್ಲಿರುವವರಿಗೆ ಇದನ್ನು ಕೊಡಲೇಬಾರದು.

ಹಾಗಾದರೆ ಐಜಿಎಫ್-1 ಕಡಿಮೆ ಇದೆ ಎಂಬ ವರದಿ? ಆ ಕಾಗದವನ್ನು ಮತ್ತೊಮ್ಮೆ ನೋಡಿ. ಪಕ್ಕದಲ್ಲಿ ಕೊಟ್ಟಿರುವ ‘ಸಾಮಾನ್ಯ ಮಟ್ಟ’ 68 ವರ್ಷದವರದೋ, 30 ವರ್ಷದವರದೋ? ಎಳೆಯರ ಅಳತೆಗೋಲು ಹಿಡಿದರೆ ಹಿರಿಯರೆಲ್ಲರೂ ‘ಕೊರತೆ’ ಇರುವವರೇ. ಊಟ ಕಡಿಮೆಯಾದರೆ, ಯಕೃತ್ತಿನ ತೊಂದರೆ ಇದ್ದರೆ, ಈಸ್ಟ್ರೊಜೆನ್ ಮಾತ್ರೆ ನುಂಗುತ್ತಿದ್ದರೆ ಕೂಡ ಐಜಿಎಫ್-1 ಇಳಿಯುತ್ತದೆ. ಪಿಟ್ಯುಟರಿ ಗಡ್ಡೆ, ಅದರ ಶಸ್ತ್ರಚಿಕಿತ್ಸೆ, ತಲೆಗೆ ವಿಕಿರಣ, ತಲೆಗೆ ಬಲವಾದ ಪೆಟ್ಟು, ಇವುಗಳಲ್ಲಿ ಯಾವುದಾದರೂ ಹಿಂದೆ ಆಗಿದ್ದರೆ ಮಾತ್ರ ನಿಜವಾದ ಕೊರತೆಯನ್ನು ಶಂಕಿಸಬೇಕು. ಅದನ್ನು ಖಚಿತಪಡಿಸಲು ಸಾಮಾನ್ಯವಾಗಿ ಇನ್ಸುಲಿನ್ ಅಥವಾ ಗ್ಲುಕಗಾನ್ ಕೊಟ್ಟು, ಗ್ರಂಥಿಯನ್ನು ಕೆಣಕಿ, ಗಂಟೆಗಟ್ಟಲೆ ರಕ್ತ ತೆಗೆದು ನೋಡುವ ಪರೀಕ್ಷೆ ಬೇಕು. ಒಂದೇ ಸಲ ತೆಗೆದ ರಕ್ತದಿಂದ ತೀರ್ಮಾನಿಸುವಂಥದ್ದಲ್ಲ. ಹಾಗೆ ಖಚಿತವಾದ ಕೊರತೆ ಇರುವವರಿಗೆ ಈ ಹಾರ್ಮೋನು ಅಧಿಕೃತ ಚಿಕಿತ್ಸೆ, ಅವರಿಗೆ ನಾನೂ ಕೊಡುತ್ತೇನೆ. ಮುಪ್ಪಿಗೆಂದು ಅಥವಾ ಬರಿಯ ಆಸ್ಟಿಯೊಪೊರೋಸಿಸ್‌ಗೆಂದು ಇದಕ್ಕೆ ಮಾನ್ಯತೆ ಇಲ್ಲ. ಅಮೆರಿಕದಲ್ಲಂತೂ ಮಾನ್ಯತೆ ಇಲ್ಲದ ಉದ್ದೇಶಕ್ಕೆ ಇದನ್ನು ಹಂಚುವುದೇ ಅಪರಾಧ.

ಇಂಜೆಕ್ಷನ್ ಬೇಡವೆಂದರೆ ‘ಅದೇ ಹಾರ್ಮೋನಿನ’ ಮಾತ್ರೆ, ನಾಲಗೆಯ ಕೆಳಗಿನ ಸ್ಪ್ರೇ ಎಂದು ತೋರಿಸಿಯಾರು. ಇದು ಪ್ರೋಟೀನು, ನುಂಗಿದರೆ ಹೊಟ್ಟೆ ಬೇರೆ ಪ್ರೋಟೀನನ್ನು ಅರಗಿಸಿದಂತೆ ಇದನ್ನೂ ಅರಗಿಸಿಬಿಡುತ್ತದೆ.

ಈಗ ಮಾಡಬೇಕಾದ ಕೆಲಸಕ್ಕೆ ಬರುತ್ತೇನೆ. ಮೂಳೆ ‘ಕಟ್ಟುವ’ ಔಷಧ ಬೇಕೆಂಬ ನಿಮ್ಮ ಆಸೆ ತಪ್ಪಲ್ಲ. ನಿಮ್ಮ ತಾಯಿಯವರಂಥ ರೋಗಿಗೆ ಅಂಥ ಔಷಧದಿಂದಲೇ ಶುರುಮಾಡುವುದು ಒಳ್ಳೆಯದೆಂದು ನಾನೂ ಒಪ್ಪುತ್ತೇನೆ. ಅಂಥ ಔಷಧ ಈಗಾಗಲೇ ಇದೆ, ಸಾವಿರಾರು ಮಹಿಳೆಯರ ಮೇಲೆ ಮುರಿತವನ್ನೇ ಎಣಿಸಿ ನೋಡಿ ಒಪ್ಪಿಕೊಂಡದ್ದು. ಅದರ ಹೆಸರು ಟೆರಿಪ್ಯಾರಟೈಡ್. ರಕ್ತದ ಕ್ಯಾಲ್ಸಿಯಂ ನಿಯಂತ್ರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನಿನ ಮೊದಲ 34 ಅಮೈನೊ ಆಮ್ಲಗಳ ತುಣುಕು. ದಿನಕ್ಕೊಮ್ಮೆ 20 ಮೈಕ್ರೊಗ್ರಾಂ, ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ ಪೆನ್ನಿನಂಥ ಸಾಧನದಿಂದ ಚುಚ್ಚಿಕೊಳ್ಳುವುದು. 1637 ಮಹಿಳೆಯರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೊಸದಾಗಿ ಬೆನ್ನಿನ ಮಣಿ ಕುಸಿಯುವುದು ಶೇ 65 ಕಡಿಮೆಯಾಯಿತು. ಇನ್ನೊಂದು ಪರೀಕ್ಷೆ ಬೆನ್ನೆಲುಬು ಕುಸಿದ, ತೀವ್ರ ಆಸ್ಟಿಯೊಪೊರೋಸಿಸ್ ಇದ್ದ 1360 ಮಹಿಳೆಯರದು, ಅಂದರೆ ನಿಮ್ಮ ತಾಯಿಯವರಂಥವರದೇ. ಅಲೆಂಡ್ರೊನೇಟ್‌ನ ತಂಗಿಯಂಥ ರೈಸೆಡ್ರೊನೇಟ್ ಜೊತೆ ಹೋಲಿಸಿದಾಗ, ಎರಡು ವರ್ಷದಲ್ಲಿ ಹೊಸ ಮಣಿ ಕುಸಿದವರು ರೈಸೆಡ್ರೊನೇಟ್ ಗುಂಪಿನಲ್ಲಿ ಶೇ 12, ಟೆರಿಪ್ಯಾರಟೈಡ್ ಗುಂಪಿನಲ್ಲಿ ಶೇ 5.4. ಬೆಳವಣಿಗೆಯ ಹಾರ್ಮೋನಿನ ಬಗ್ಗೆ ಇಂಥ ಒಂದು ಸಾಲು ಬರೆಯುವ ಭಾಗ್ಯ ನನಗಿದ್ದಿದ್ದರೆ ನಿಮಗೆ ಬೇರೆ ಉತ್ತರ ಕೊಡುತ್ತಿದ್ದೆ.

ಟೆರಿಪ್ಯಾರಟೈಡ್ ಸಾಮಾನ್ಯವಾಗಿ ಎರಡು ವರ್ಷದ ಚಿಕಿತ್ಸೆ. ಅದು ಮುಗಿದ ಕೂಡಲೇ ಕೊರೆತ ತಡೆಯುವ ಔಷಧವೊಂದನ್ನು ಶುರುಮಾಡಲೇಬೇಕು. ಇಲ್ಲವಾದರೆ ಕಟ್ಟಿದ ಮೂಳೆ ಮತ್ತೆ ಕರಗುತ್ತದೆ. ಹಿಂದೆ ಮೂಳೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ, ರಕ್ತದಲ್ಲಿ ಕ್ಯಾಲ್ಸಿಯಂ ಮೊದಲೇ ಹೆಚ್ಚಿದ್ದರೆ ಇದನ್ನು ಕೊಡುವುದಿಲ್ಲ.

ಇನ್ನೊಂದು ಹೊಸ ಔಷಧ ರೊಮೊಸೊಜುಮ್ಯಾಬ್. ತಿಂಗಳಿಗೊಮ್ಮೆ, ಹನ್ನೆರಡು ತಿಂಗಳು. ಮೂಳೆ ಕಟ್ಟುವುದನ್ನು ಹೆಚ್ಚಿಸಿ ಕೊರೆತವನ್ನು ಕಡಿಮೆ ಮಾಡುತ್ತದೆ, ಎರಡೂ ಒಟ್ಟಿಗೆ. ಒಂದು ವರ್ಷ ಇದನ್ನು ಕೊಟ್ಟು ಆಮೇಲೆ ಅಲೆಂಡ್ರೊನೇಟ್ ಕೊಟ್ಟವರಲ್ಲಿ, ಬರಿಯ ಅಲೆಂಡ್ರೊನೇಟ್ ಪಡೆದವರಿಗಿಂತ ಬೆನ್ನಿನ ಮುರಿತ ಎರಡು ವರ್ಷದಲ್ಲಿ ಶೇ 48 ಕಡಿಮೆ ಇತ್ತು. ಕಳೆದ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರಿಗೆ ಇದು ಬೇಡ.

ಈ ಕಟ್ಟುವ ಔಷಧಗಳು ದುಬಾರಿ. ಕೈಗೆಟುಕದಿದ್ದರೆ ಹತಾಶರಾಗಬೇಡಿ. ಜೊಲೆಡ್ರೊನಿಕ್ ಆಮ್ಲ ಎಂಬುದೊಂದಿದೆ. ಅಲೆಂಡ್ರೊನೇಟ್‌ನ ಕುಟುಂಬದ್ದೇ, ಆದರೆ ಹೊಟ್ಟೆಯ ದಾರಿ ಹಿಡಿಯದೆ ನೇರ ರಕ್ತನಾಳಕ್ಕೆ ಹೋಗುವುದರಿಂದ ಎದೆಯುರಿಯ ಪ್ರಶ್ನೆಯೇ ಇಲ್ಲ. ವರ್ಷಕ್ಕೊಮ್ಮೆ 5 ಮಿಲಿಗ್ರಾಂ, ಕಾಲು ಗಂಟೆಯ ಡ್ರಿಪ್. ಮೂರು ವರ್ಷದಲ್ಲಿ ಬೆನ್ನಿನ ಮುರಿತ ಶೇ 70, ಸೊಂಟದ ಮುರಿತ ಶೇ 41 ಕಡಿಮೆಯಾದದ್ದು 2007ರಲ್ಲೇ ಸಾಬೀತಾಗಿದೆ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಮೂತ್ರಪಿಂಡ ಚೆನ್ನಾಗಿರಬೇಕು, ವಿಟಮಿನ್ ಡಿ ಕೊರತೆಯನ್ನು ಮೊದಲೇ ಸರಿಪಡಿಸಿರಬೇಕು. ಹಲ್ಲು ಕೀಳಿಸುವುದಿದ್ದರೆ ಮುಂಚೆಯೇ ಮುಗಿಸಿಕೊಳ್ಳಿ. ಈ ಗುಂಪಿನ ಔಷಧಗಳಲ್ಲಿ ದವಡೆಯ ಗಾಯ ಮಾಯದಿರುವ ತೊಂದರೆ ಅಪರೂಪವಾಗಿ ಕಾಣುತ್ತದೆ.

ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಕೂಡ ಒಳ್ಳೆಯ ಔಷಧವೇ, ಆದರೆ ಅದಕ್ಕೊಂದು ಕರಾರಿದೆ. ಮುಂದಿನ ಇಂಜೆಕ್ಷನ್ ತಪ್ಪಿಸಿದರೆ, ತಡೆದು ನಿಂತಿದ್ದ ಕೊರೆತ ಕಟ್ಟೆ ಒಡೆದಂತೆ ನುಗ್ಗುತ್ತದೆ, ಒಂದರ ಹಿಂದೊಂದು ಹಲವು ಮಣಿಗಳು ಕುಸಿದದ್ದನ್ನು ನೋಡಿದ್ದೇವೆ. ನಿಮ್ಮ ತಾಯಿಯವರು ಒಮ್ಮೆ ಔಷಧ ನಿಲ್ಲಿಸಿದವರು, ವೈದ್ಯರಿಗೆ ತಿಳಿಸದೆಯೇ ನಿಲ್ಲಿಸಿದಂತೆಯೂ ತೋರುತ್ತದೆ. ದಿನ ತಪ್ಪಿಸುವುದಿಲ್ಲವೆಂಬ ಭರವಸೆ ಇಲ್ಲದೆ ನಾನು ಇದನ್ನು ಶುರುಮಾಡಲಾರೆ.

ಅಲೆಂಡ್ರೊನೇಟ್ ಬಗ್ಗೆಯೂ ಒಂದು ಮಾತು. ಅವರು ಅದನ್ನು ಹೇಗೆ ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿ ನೋಡಿದ್ದೀರಾ? ಬೆಳಿಗ್ಗೆ ಎದ್ದು, ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರಿಯ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ ಕುಡಿಯದೆ ಇರಬೇಕು. ರಾತ್ರಿ ಮಲಗುವಾಗ ಎರಡು ಗುಟುಕು ನೀರಿನಲ್ಲಿ ನುಂಗಿದರೆ ಮಾತ್ರೆ ಅನ್ನನಾಳಕ್ಕೆ ಅಂಟಿಕೊಂಡು ಸುಡುತ್ತದೆ. ಔಷಧಕ್ಕೆ ಬರುವ ಕೆಟ್ಟ ಹೆಸರಿನಲ್ಲಿ ಅರ್ಧ ಪಾಲು ಇದರದ್ದೇ ಎಂದು ನನ್ನ ಅನುಮಾನ. ಆದರೂ ಮಣಿ ಕುಸಿದಿರುವುದರಿಂದ ಮತ್ತೆ ಅದಕ್ಕೇ ಮರಳುವುದಕ್ಕಿಂತ ಮೇಲೆ ಹೇಳಿದವುಗಳಲ್ಲಿ ಒಂದನ್ನು ಆರಿಸುವುದು ಲೇಸು.

ಔಷಧ ಶುರುಮಾಡುವ ಮೊದಲು ಮೂಳೆ ಕರಗಲು ಬೇರೆ ಕಾರಣ ಅಡಗಿದೆಯೇ ಎಂದು ನೋಡಬೇಕು: ಕ್ಯಾಲ್ಸಿಯಂ, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನು, ಥೈರಾಯ್ಡ್, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಮತ್ತು ಮಜ್ಜೆಯ ಕ್ಯಾನ್ಸರ್ ಆದ ಮಯಲೋಮ ಇಲ್ಲವೆಂದು ಖಾತ್ರಿಪಡಿಸಲು ರಕ್ತದ ಪ್ರೋಟೀನುಗಳ ಎಲೆಕ್ಟ್ರೊಫೊರೆಸಿಸ್. ಸ್ಟೀರಾಯ್ಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಅದನ್ನು ಮರೆಯದೆ ಹೇಳಿ. ಐಜಿಎಫ್-1ಗೆ ಕೊಟ್ಟ ಹಣದಲ್ಲಿ ಇವುಗಳಲ್ಲಿ ಕೆಲವಾದರೂ ಆಗಿಬಿಡುತ್ತಿದ್ದವು.

ಹಾರ್ಮೋನಿನ ಮೇಲೆ ನೀವು ಇಟ್ಟ ಆಸೆಯ ಒಂದು ಭಾಗ, ಅಂದರೆ ಸ್ನಾಯು ಬಲವಾಗುವುದು, ವ್ಯಾಯಾಮದಿಂದ ನಿಜಕ್ಕೂ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ ಮೂಳೆ ಸಾಂದ್ರತೆ ಕಡಿಮೆ ಇದ್ದ 101 ಮಹಿಳೆಯರ ಮೇಲೆ ನಡೆದ ಪರೀಕ್ಷೆಯಲ್ಲಿ ವಾರಕ್ಕೆರಡು ಸಲ, ಅರ್ಧ ಗಂಟೆ, ಎಂಟು ತಿಂಗಳು, ತರಬೇತುದಾರರ ಕಣ್ಣೆದುರೇ ಭಾರ ಎತ್ತಿಸಿದರು. ಕೆಳಬೆನ್ನಿನ ಸಾಂದ್ರತೆ ಶೇ 2.9 ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇ 1.2 ಇಳಿಯಿತು. ನಿಮ್ಮ ತಾಯಿಯವರು ನಾಳೆಯೇ ಭಾರ ಎತ್ತಲು ಹೋಗಬಾರದು. ಕುಸಿದ ಮಣಿಯ ನೋವು ಪೂರ್ತಿ ಇಳಿದ ಮೇಲೆ, ಫಿಸಿಯೊಥೆರಪಿಸ್ಟ್ ಹತ್ತಿರ ಬೆನ್ನು ನೇರವಾಗಿಟ್ಟುಕೊಂಡು ಕುರ್ಚಿಯಿಂದ ಏಳುವುದು, ಬೆನ್ನಿನ ಸ್ನಾಯು ಬಿಗಿಯುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಇಲ್ಲಿಂದ ಶುರುವಾಗಲಿ. ಸೊಂಟ ಬಗ್ಗಿಸಿ ಭಾರ ಎತ್ತುವುದು ಮಾತ್ರ ಇನ್ನು ಬೇಡ. ದಿನಕ್ಕೆ ಆಹಾರ ಮತ್ತು ಮಾತ್ರೆ ಸೇರಿ 1200 ಮಿಲಿಗ್ರಾಂ ಕ್ಯಾಲ್ಸಿಯಂ, 800 ಯೂನಿಟ್ ವಿಟಮಿನ್ ಡಿ, ದೇಹತೂಕದ ಪ್ರತಿ ಕಿಲೊಗೆ ಒಂದು ಗ್ರಾಮಿಗಿಂತ ಕಡಿಮೆಯಾಗದಷ್ಟು ಪ್ರೋಟೀನು ಬೇಕು.

ಕೊನೆಗೆ, ಇಂಜೆಕ್ಷನ್ ಈಗಾಗಲೇ ಶುರುವಾಗಿದೆಯೋ ಎಂಬುದನ್ನು ನೀವು ಬರೆದಿಲ್ಲ. ಶುರುವಾಗಿದ್ದರೆ ಗಾಬರಿ ಬೇಡ. ಇದನ್ನು ಸ್ವಲ್ಪಸ್ವಲ್ಪವಾಗಿ ಇಳಿಸಬೇಕಿಲ್ಲ, ಇಂದೇ ನಿಲ್ಲಿಸಬಹುದು. ಪಾದ ಊದಿದೆಯೇ, ಬೆಳಿಗ್ಗೆ ಬೆರಳು ಜೋಮು ಹಿಡಿಯುತ್ತದೆಯೇ ಎಂದು ವಿಚಾರಿಸಿ, ಈ ವಾರವೇ ಖಾಲಿಹೊಟ್ಟೆಯ ಸಕ್ಕರೆ ಪರೀಕ್ಷೆ ಮಾಡಿಸಿ. ಡೆಕ್ಸಾ ವರದಿ ಮತ್ತು ಹಳೆಯ ಎಕ್ಸ್‌ರೇ ಎರಡನ್ನೂ ತೆಗೆದುಕೊಂಡು ಹಾರ್ಮೋನು ತಜ್ಞರಾದ ಎಂಡೊಕ್ರೈನಾಲಜಿಸ್ಟ್ ಬಳಿಯೋ ಮೂಳೆಯ ಕಾಯಿಲೆ ನೋಡುವ ಬೇರೆ ವೈದ್ಯರ ಬಳಿಯೋ ಹೋಗಿ. ಹೋದಾಗ ಅಮ್ಮನ ಎತ್ತರವನ್ನೂ ಅಳೆಸಿ. ಪ್ರಾಯದಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು ಕುಗ್ಗಿದ್ದರೆ, ಕುಸಿದ ಮಣಿ ಒಂದೇ ಅಲ್ಲದಿರಬಹುದು. ಆಗ ಇಡೀ ಬೆನ್ನಿನ ಎಕ್ಸ್‌ರೇ ಮತ್ತೊಮ್ಮೆ ಬೇಕಾಗುತ್ತದೆ.